ಮೊದಲಿಂದಾ ಹಿಂಗೇ ಅದರಿ

ಕಲಬುರಗಿ ನೆಹರು ಗಂಜ್‌ನ ಅಡತಿ ಅಂಗಡಿಯಲ್ಲಿ ಖಾತೆ ಪುಸ್ತಕ ಹೋಗಿ ಕಂಪ್ಯೂಟರ್ ಬಂತು. ಗುಮಾಸ್ತರ ಜಾಗಕ್ಕೆ ಸಾವ್ಕಾರರ ಅಳಿಯ ಬಂದ. ಬರುವಾಗ ಒಂದು ಶೆಲ್ ಸ್ಕ್ರಿಪ್ಟನ್ನೂ ತಂದ. ಅದನ್ನು ಕೊಟ್ಟವನು ಅವನ ಸೀನಿಯರ್, ಸೀನಿಯರ್‌ಗೆ ಕೊಟ್ಟವನು ಇನ್ನೊಬ್ಬ ಸೀನಿಯರ್. ವಂಶಾವಳಿ ಕೆದಕಿದರೆ 1979ರ ಬೋರ್ನ್ ಶೆಲ್‌ವರೆಗೂ ಹೋದೀತು.

ಸ್ಕ್ರಿಪ್ಟಿನ ಪ್ರತಿ ಹೋಲಿಕೆಯಲ್ಲೂ ಎರಡೂ ಕಡೆ ಒಂದೊಂದು 'ಎಕ್ಸ್'. ಯಾಕಪ್ಪಾ ಅಂದರೆ, "ಮೊದಲಿಂದಾ ಹಿಂಗೇ ಅದರಿ." ಹಿಂದೆ ಕಾರಣವಿತ್ತು. ವೇರಿಯಬಲ್ ಖಾಲಿಯಿದ್ದರೆ, ಅಥವಾ ಅದರೊಳಗೆ ಕಂಸವೋ ಅಡ್ಡಗೆರೆಯೋ ಕೂತಿದ್ದರೆ ಹಳೆಯ 'ಟೆಸ್ಟ್' ಕಮಾಂಡ್ ತಬ್ಬಿಬ್ಬಾಗುತ್ತಿತ್ತು. ಪೋಸಿಕ್ಸ್ ನಿಯಮ ಬಂದ ಮೇಲೆ ಇಂಥ ಸಾದಾ ಹೋಲಿಕೆಗೆ ಡಬಲ್ ಕೋಟ್ ಒಂದೇ ಸಾಕು. ಎಕ್ಸ್ ಮಾತ್ರ ಅಂಗಡಿ ಬಾಗಿಲ ನಿಂಬೆಹಣ್ಣು-ಮೆಣಸಿನಕಾಯಿಯಂತೆ ಇನ್ನೂ ತೂಗಾಡುತ್ತಿದೆ. ಡಬಲ್ ಕೋಟ್? ಹುಡುಕಿದರೂ ಇಲ್ಲ.

ಇನ್ನು ಫೈಲುಗಳ ಹೆಸರು. 'ಕಮಲಾಪುರ ಕೆಂಪು ಬಾಳೆ' ಅಂತಿದ್ದರೆ ಕೋಟ್ ಕಾಣದ ಶೆಲ್ಲಿಗೆ ಅದು ಮೂರು ಫೈಲು: ಕಮಲಾಪುರ, ಕೆಂಪು, ಬಾಳೆ. ಮೂರೂ ಸಿಗುವುದಿಲ್ಲ, ಎರರ್ ಬರುತ್ತದೆ, ಅಷ್ಟೇ. ಭಯ ಇರುವುದು ತೊಗರಿಯಲ್ಲಿ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಸಿಕ್ಕಿತಲ್ಲ, ಆ ಖುಷಿಗೆ ಯಾರೋ 'ತೊಗರಿ *' ಎಂದು ನಕ್ಷತ್ರ ಇಟ್ಟು ಫೈಲ್ ಉಳಿಸುತ್ತಾರೆ ಎನ್ನಿ. ಹಳೆಯದನ್ನು ಅಳಿಸುವ ಸಾಲಿನಲ್ಲಿರುವುದು ಬರೀ 'ಆರ್‌ಎಂ ಡಾಲರ್ ಎಫ್', ಅಂದರೆ 'ಈ ಹೆಸರಿನ ಫೈಲ್ ಅಳಿಸು'; ಕೋಟ್ ಇಲ್ಲ. ಶೆಲ್ಲು ಮೊದಲು ಖಾಲಿ ಜಾಗದಲ್ಲಿ ಮುರಿಯುತ್ತದೆ. ಆಮೇಲೆ ನಕ್ಷತ್ರವೆಂದರೆ ಆ ಫೋಲ್ಡರಿನ ಸಕಲ ಫೈಲುಗಳು ಎಂದುಕೊಳ್ಳುತ್ತದೆ. ಕಡಲೆ, ಹೆಸರುಕಾಳು, ಜೋಳ, ಬಾಕಿದಾರರ ಪಟ್ಟಿ, ಎಲ್ಲ ಸ್ವಾಹಾ. ಇಷ್ಟು ಚುರುಕಾಗಿ ಯಾವ ಸರ್ಕಾರವೂ ಸಾಲಮನ್ನಾ ಮಾಡಿಲ್ಲ.

ಗಂಜ್‌ನವರಷ್ಟೇ ಹೀಗೆ ಅಂತಲ್ಲ. 2001ರ ನವೆಂಬರಿನಲ್ಲಿ ಆಪಲ್‌ನ ಐಟ್ಯೂನ್ಸ್ 2 ಇನ್‌ಸ್ಟಾಲರ್ ಇದೇ ಕೋಟ್ ಮರೆತು, ಡಿಸ್ಕಿನ ಹೆಸರಿನಲ್ಲಿ ಖಾಲಿ ಜಾಗವಿದ್ದ ಕೆಲವರ ಫೈಲುಗಳನ್ನು ಗುಡಿಸಿಹಾಕಿತ್ತು. ಆಪಲ್ ಲಗುಬಗೆಯಿಂದ 2.0.1 ಬಿಟ್ಟು ಸರಿಪಡಿಸಿತು.

ನಮ್ಮ ಅಳಿಯ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. "ಕೋಟ್ ಹಾಕೋ ತಮ್ಮಾ" ಅಂದರೆ, "ಅದ್ಯಾಕ್ರಿ? ಹೆಸರಿನ್ಯಾಗ ಜಾಗಾನೇ ಬಿಡಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳೀನಿ" ಅಂದ. ಈಗ ಬಿಲ್ಲಿನ ಮೇಲೆ ಅಂಗಡಿ ಹೆಸರಿನ ಪದಪದದ ನಡುವೆಯೂ ಅಂಡರ್‌ಸ್ಕೋರ್. ಸಾವ್ಕಾರರಿಗೆ ಅದು ಚಂದ ಕಂಡಿದೆ. ಬೋರ್ಡಿಗೂ ಹಾಕಿಸಲು ಎಷ್ಟಾಗುತ್ತದೆಂದು ಪೇಂಟರನ್ನು ಕರೆಸಿ ಕೇಳುತ್ತಿದ್ದಾರೆ.