ಸಾಲು ಬರೆದವನ ಸಾಲ

ಹಾಡೊಂದು ಹಿಟ್ಟಾದರೆ ಹಾಡಿದವರ ಹೆಸರು ಊರಿಗೆಲ್ಲ ಗೊತ್ತು, ಸಂಗೀತ ಕೂಡಿಸಿದವರ ಹೆಸರು ಅರ್ಧ ಊರಿಗೆ ಗೊತ್ತು. ಬರೆದವನ ಹೆಸರು ಹೆಂಡತಿಗೆ ಮತ್ತು ಸಾಲ ಕೊಟ್ಟ ಅಂಗಡಿಯವನಿಗೆ. ಅಮೆರಿಕದ ಜಾನಿ ಮರ್ಸರ್ ಸಾವಿರಕ್ಕೂ ಹೆಚ್ಚು ಹಾಡು ಬರೆದ, ನಾಲ್ಕು ಆಸ್ಕರ್ ಗೆದ್ದ. ಆದರೂ ನನಗೆ ಆತ ಇಷ್ಟವಾಗುವುದು ಸಾಲ ತೀರಿಸಿದ ಬಗೆಗೆ.

ಹುಟ್ಟಿದ್ದು 1909ರಲ್ಲಿ, ಜಾರ್ಜಿಯಾದ ಸವಾನಾದಲ್ಲಿ. ಜಮೀನು ವ್ಯವಹಾರದ ಅಪ್ಪ ಸ್ಥಿತಿವಂತ. 1927ರಲ್ಲಿ ಆ ವ್ಯವಹಾರ ಮುಳುಗಿ, ಅಪ್ಪನನ್ನು ನಂಬಿ ದುಡ್ಡು ಹಾಕಿದ್ದ ಊರಿನವರೂ ಜೊತೆಗೇ ಮುಳುಗಿದರು. ಮಗ ನಟನಾಗುತ್ತೇನೆಂದು ನ್ಯೂಯಾರ್ಕಿಗೆ ಹೋದ. ನಟನೆ ಕೈಹಿಡಿಯಲಿಲ್ಲ, ಹಾಡು ಹಿಡಿಯಿತು, ಹಾಲಿವುಡ್‌ಗೂ ಕರೆದೊಯ್ದಿತು.

ಮೊದಲು ಟ್ಯೂನು, ಆಮೇಲೆ ಮಾತು. ಗಾಂಧಿನಗರದವರಿಗೆ ಈ ಪದ್ಧತಿ ಹೊಸದಲ್ಲ. ಮರ್ಸರ್ ಟ್ಯೂನು ಕೇಳಿಸಿಕೊಂಡು ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗುತ್ತಿದ್ದನಂತೆ. ಇದನ್ನು ಕೆಲಸ ಎಂದು ಮನೆಯವರನ್ನು ಒಪ್ಪಿಸುವ ಕಲೆ ನನಗಿನ್ನೂ ಸಿದ್ಧಿಸಿಲ್ಲ. ಸಂಗೀತ ಸಂಯೋಜಕ ಹೋಗೀ ಕಾರ್ಮೈಕಲ್ ಕೊಟ್ಟ ಒಂದು ಟ್ಯೂನನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಕೊನೆಗೊಮ್ಮೆ ಸಾಹಿತ್ಯ ಸಿದ್ಧವೆಂದು ಫೋನು ಮಾಡಿದಾಗ, ಟ್ಯೂನು ಕೊಟ್ಟವನಿಗೇ ಅದು ಮರೆತುಹೋಗಿತ್ತು ಎಂದು ಹೇಳುತ್ತಾರೆ. ಅದೇ ‘ಸ್ಕೈಲಾರ್ಕ್’.

1942ರಲ್ಲಿ ಇಬ್ಬರು ಗೆಳೆಯರ ಜೊತೆ ಕ್ಯಾಪಿಟಲ್ ರೆಕಾರ್ಡ್ಸ್ ಕಟ್ಟಿದ. ಕವಿಯೊಬ್ಬ ಕಂಪನಿ ಕಟ್ಟಿ ಅದು ಬದುಕಿತೆಂದರೆ ನಂಬುವುದು ಕಷ್ಟ, ಬದುಕಿತು. 1955ರಲ್ಲಿ ಬ್ರಿಟನ್ನಿನ ಇಎಂಐ ಅದನ್ನು ಕೊಂಡಾಗ ಮರ್ಸರ್ ಕೈಗೆ ದೊಡ್ಡ ಮೊತ್ತವೇ ಬಂತು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಕಾನೂನಿನ ಪ್ರಕಾರ ಮಗ ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ಆದರೂ ಸವಾನಾದ ಬ್ಯಾಂಕಿಗೆ 3,00,000 ಡಾಲರಿನ ಚೆಕ್ಕು ಅಂಚೆಯಲ್ಲಿ ಹೋಯಿತು: ಅಪ್ಪನ ಬಾಕಿ ಚುಕ್ತಾ ಮಾಡಿ ಎಂದು. ಬ್ಯಾಂಕಿನವರು ಕಣ್ಣೊರೆಸಿಕೊಂಡು ಚೆಕ್ಕು ನೋಡಿದರೆ ಸಹಿಯೇ ಇಲ್ಲ! ಪುಣ್ಯಾತ್ಮ ಮರೆತಿದ್ದ. ಸಹಿ ಆಮೇಲೆ ಬಿತ್ತು, ಊರಿನವರಿಗೆ ದುಡ್ಡೂ ಸಿಕ್ಕಿತು.

ಹಾಗೆಂದು ದೇವತಾಮನುಷ್ಯನೇನಲ್ಲ. ಕುಡಿದರೆ ನಾಲಿಗೆಗೆ ಮುಳ್ಳು ಹುಟ್ಟುತ್ತಿತ್ತು. ರಾತ್ರಿ ಬೈಸಿಕೊಂಡವರ ಮನೆಗೆ ಬೆಳಿಗ್ಗೆ ಗುಲಾಬಿ ಹೂವು ಹೋಗುತ್ತಿತ್ತು. ಗಾಯಕಿ ಜೋ ಸ್ಟಾಫರ್ಡ್ ಒಮ್ಮೆ, ನಾಳೆಯ ಗುಲಾಬಿ ನನಗೆ ಬೇಡ ಎಂದು ಮುಂಚಿತವಾಗಿಯೇ ತಡೆದಳಂತೆ. ಕುಡುಕ ದಂಪತಿಯ ಚಿತ್ರ ‘ಡೇಸ್ ಆಫ್ ವೈನ್ ಅಂಡ್ ರೋಸಸ್’ಗೆ ಶೀರ್ಷಿಕೆ ಗೀತೆ ಬರೆಯಲು ಇಂಥವನೇ ಸಿಕ್ಕಿದ್ದು ಯೋಗಾಯೋಗ, ಆಸ್ಕರೂ ಬಂತು. ಅದರ ಹಿಂದಿನ ವರ್ಷದ ಆಸ್ಕರ್ ‘ಮೂನ್ ರಿವರ್’ಗೆ. ಸವಾನಾದವರು ಆತನ ಮನೆಯ ಬಳಿ ಹರಿಯುತ್ತಿದ್ದ ಬ್ಯಾಕ್ ರಿವರಿಗೆ ಮೂನ್ ರಿವರ್ ಎಂದೇ ಮರುನಾಮಕರಣ ಮಾಡಿಬಿಟ್ಟರು.

ಇನ್ನೊಂದು ಬಾಕಿಯ ಕಥೆಯಿದೆ. 1957ರಲ್ಲಿ ಓಹಾಯೋದ ಯಂಗ್ಸ್‌ಟೌನ್‌ನಲ್ಲಿ ಅಂಗಡಿಯೊಂದರಲ್ಲಿ ಸೌಂದರ್ಯವರ್ಧಕ ಮಾರುತ್ತಿದ್ದ ಒಬ್ಬ ಅಜ್ಜಿಗೆ ಹಾಡಿನ ಹೊಳಹೊಂದು ಹೊಳೆಯಿತು: ಕೈಕೊಟ್ಟವರಿಗೆ ಮುಂದೆ ಇನ್ಯಾರೋ ಕೈಕೊಡುವಾಗ ಪಕ್ಕದಲ್ಲಿ ನಿಂತು ನೋಡುವ ಆಸೆ. ಲಕೋಟೆಯ ಮೇಲೆ ಮರ್ಸರನ ಹೆಸರು, ಕಸುಬು, ನ್ಯೂಯಾರ್ಕ್ ಎಂದಷ್ಟೇ ಬರೆದಳು. ಅಂಚೆಯವರು ಹೇಗೋ ಮುಟ್ಟಿಸಿದರು. ಮರ್ಸರ್ ಹಾಡು ಪೂರ್ತಿ ಮಾಡಿದ. ಆ ಹೊಳಹು ತನ್ನದೇ ಎಂದಿದ್ದರೆ ಕೇಳುವವರು ಯಾರು? ಅಜ್ಜಿಯ ಹೆಸರನ್ನು ತನ್ನ ಪಕ್ಕದಲ್ಲಿ ಹಾಕಿಸಿ, ರಾಯಧನದಲ್ಲೂ ಪಾಲು ಕೊಟ್ಟ. ಟೋನಿ ಬೆನೆಟ್ ಹಾಡಿ 1963ರಲ್ಲಿ ಅದು ಮನೆಮಾತಾಯಿತು. ಅಜ್ಜಿಗೆ ಸಂದರ್ಶನಗಳು, ಟೀವಿ, ಊರೂರು ತಿರುಗಾಟ. ಕೊನೆಗೆ ಆಕೆಯಿಂದ ಮರ್ಸರನಿಗೆ ಇನ್ನೊಂದು ಪತ್ರ ಬಂತು: ಸುಸ್ತಾಗಿದೆ, ಈ ಮನರಂಜನಾ ಲೋಕದ ಸಹವಾಸವನ್ನೇ ಬಿಡೋಣವೆಂದಿದ್ದೇನೆ ಎಂದು.