ಹಸಿರು ಕಾರ್ಡು ಮಹಾತ್ಮೆ

ಹಿಂದೆ ನಮ್ಮ ಮನೆಗಳಲ್ಲಿ ಮದುವೆ ಮಾತುಕತೆ ನಡೆಯುವಾಗ ಹುಡುಗಿಯನ್ನು ಅಡುಗೆಮನೆಯಲ್ಲಿ ಕೂರಿಸುತ್ತಿದ್ದರು. ಹೊರಗೆ ಜಗಲಿಯ ಮೇಲೆ ಹಿರಿಯರು ಕೂತು ವರೋಪಚಾರ ಏನು, ಬೆಳ್ಳಿ ತಟ್ಟೆ ಎಷ್ಟು ತೂಕದ್ದು, ದಿಬ್ಬಣದ ಬಸ್ಸಿನ ಬಾಡಿಗೆ ಯಾರದು ಎಂದೆಲ್ಲ ತೀರ್ಮಾನಿಸಿ, ತಾಂಬೂಲ ಬದಲಾಯಿಸಿಕೊಂಡು ಎದ್ದ ಮೇಲೆ ಒಳಗಿದ್ದವಳಿಗೆ ಸುದ್ದಿ ಮುಟ್ಟುತ್ತಿತ್ತು. ಈಗಿನ ಮಕ್ಕಳು ಇದನ್ನು ಅನ್ಯಾಯ ಎನ್ನುತ್ತಾರೆ. ನನಗೋ, ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತನಾಗಿ ಸಿಜಿಎಚ್‌ಎಸ್‌ನ ಅಂದರೆ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯ ಹಸಿರು ಕಾರ್ಡು ಕೈಗೆ ಬಂದಮೇಲೆ ಆ ಪದ್ಧತಿಯ ಬಗ್ಗೆ ಇದ್ದ ಗೌರವ ಇಮ್ಮಡಿಯಾಗಿದೆ. ಇಲ್ಲಿಯೂ ಜಗಲಿಯ ಮೇಲೆ ಇಬ್ಬರೇ: ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಖಾಸಗಿ ಆಸ್ಪತ್ರೆ. ಒಡಂಬಡಿಕೆಗೆ ಸಹಿ ಹಾಕುವವರು ಇವರು. ಪಿತ್ತಕೋಶ ಯಾರದೋ ಅವರು ಅಡುಗೆಮನೆಯಲ್ಲಿರುತ್ತಾರೆ.

ಈ ಯೋಜನೆ ಹುಟ್ಟಿದ್ದು 1954ರಲ್ಲಿ, ದೆಹಲಿಯಲ್ಲಿ. ಬೆಂಗಳೂರಿಗೆ ಬಂದದ್ದು 1976ರಲ್ಲಿ. ಕಾರ್ಡಿನ ಮೇಲೊಂದು ಬಣ್ಣದ ಪಟ್ಟಿ ಇರುತ್ತದೆ. ಸೇವೆಯಲ್ಲಿರುವವರಿಗೆ ನೀಲಿ, ಸಂಸದರಿಗೆ ಕೆಂಪು, ನಮ್ಮಂಥ ಪಿಂಚಣಿದಾರರಿಗೆ ಹಸಿರು. ಉದುರುವ ವಯಸ್ಸಿಗೆ ಬಂದವರಿಗೆ ಚಿಗುರಿನ ಬಣ್ಣ ಕೊಟ್ಟವರು ಯಾರೋ, ರಸಿಕರೇ ಇರಬೇಕು. ವಂತಿಗೆ ವೇತನಶ್ರೇಣಿಯ ಪ್ರಕಾರ ತಿಂಗಳಿಗೆ 250, 450, 650, 1,000 ರೂಪಾಯಿ. ನಿವೃತ್ತರು ಹತ್ತು ವರ್ಷದ್ದನ್ನು ಒಂದೇ ಸಲ ಕಟ್ಟಿಬಿಟ್ಟರೆ ಕಾರ್ಡು ಆಜೀವ. ನನ್ನ ಪಾಲಿಗೆ ಬಂದದ್ದು 650, ಹತ್ತು ವರ್ಷಕ್ಕೆ 78,000. ಕಟ್ಟಿ ರಸೀದಿ ಇಸಿದುಕೊಂಡಾಗ ಕಣ್ಣು ತುಂಬಿ ಬಂತು. ನಾನು ಇನ್ನೂ ಹತ್ತು ವರ್ಷ ಬಾಳುತ್ತೇನೆಂದು ನನ್ನ ಸ್ವಂತ ಮಕ್ಕಳೂ ಬರಹದಲ್ಲಿ ಕೊಟ್ಟಿರಲಿಲ್ಲ.

ಸಿಜಿಎಚ್‌ಎಸ್ ಇಲ್ಲದ ಊರಿನಲ್ಲಿ ನೆಲೆಸಿದ ಕೇಂದ್ರದ ಪಿಂಚಣಿದಾರರಿಗೆ ತಿಂಗಳಿಗೆ 1,000 ರೂಪಾಯಿ ಔಷಧ ಭತ್ಯೆ ಉಂಟು. ಹಳ್ಳಿಯ ಗಾಳಿ ಶುದ್ಧ, ನೀರು ತಿಳಿ, ಕಾಯಿಲೆ ಕಡಿಮೆ. ಲೆಕ್ಕ ಸರಿಯಾಗಿಯೇ ಇದೆ.

ಕಾರ್ಡು ಬಂದ ಮೇಲೆ ವಾರ್ಡು. ಇದರ ಸೊಬಗೇ ಬೇರೆ. ಮೂಲವೇತನ 36,500ರವರೆಗೆ ಜನರಲ್ ವಾರ್ಡು, 50,500ರವರೆಗೆ ಸೆಮಿ ಪ್ರೈವೇಟ್, ಅದರ ಮೇಲೆ ಪ್ರೈವೇಟ್. ಅಂದರೆ 50,500 ಇದ್ದವನು ಪಕ್ಕದ ಹಾಸಿಗೆಯವರ ಗೊರಕೆ ಕೇಳುತ್ತ ಮಲಗಬೇಕು, 50,501 ಇದ್ದವನಿಗೆ ನಿಶ್ಶಬ್ದ. ಒಂದು ರೂಪಾಯಿಗೆ ಗೊರಕೆಯನ್ನು ಇಷ್ಟು ಸಂಪೂರ್ಣವಾಗಿ ವಾಸಿ ಮಾಡಿದ ವೈದ್ಯಪದ್ಧತಿ ಜಗತ್ತಿನಲ್ಲಿ ಇನ್ನೊಂದಿಲ್ಲ. ಕೋಣೆಗಷ್ಟೇ ಈ ತರತಮ ಎಂದುಕೊಂಡಿದ್ದೆ. ಅಲ್ಲವಂತೆ. ಬಹಳ ವರ್ಷ ನಡೆದ ಲೆಕ್ಕದಲ್ಲಿ ಜನರಲ್ ವಾರ್ಡಿನವನ ಶಸ್ತ್ರಚಿಕಿತ್ಸೆಗೆ ಶೇಕಡಾ 10 ಕಡಿಮೆ, ಪ್ರೈವೇಟಿನವನದಕ್ಕೆ ಶೇಕಡಾ 15 ಹೆಚ್ಚು. ಅದೇ ಸರ್ಜನ್ನು, ಅದೇ ಕತ್ತರಿ, ಅದೇ ಮಂಪರು. ಜವಾನರ ಕರುಳು ಅಗ್ಗ, ಜಂಟಿ ಕಾರ್ಯದರ್ಶಿಗಳ ಕರುಳು ತುಟ್ಟಿ. ಈಚೆಗೆ ಈ ಅಂತರವನ್ನು ಎರಡೂ ಕಡೆ ಶೇಕಡಾ 5ಕ್ಕೆ ಇಳಿಸಿದ್ದಾರೆ. ಸಮಾನತೆಯ ಗಾಳಿ ಕರುಳಿನವರೆಗೂ ಬಂದಿದೆ.

ದರಪಟ್ಟಿಯ ಸ್ಥೈರ್ಯವನ್ನಂತೂ ಹೊಗಳಿದಷ್ಟೂ ಸಾಲದು. 2014ರಲ್ಲಿ ನಿಗದಿಯಾದ ದರಗಳು 2023ರ ಏಪ್ರಿಲ್‌ವರೆಗೆ ಬಹುಮಟ್ಟಿಗೆ ಅಲುಗಲಿಲ್ಲ. ತಜ್ಞ ವೈದ್ಯರು ಹೊರರೋಗಿಯನ್ನು ನೋಡಿದರೆ 150 ರೂಪಾಯಿ. ನಮ್ಮ ಬೀದಿಯ ಟಿವಿ ರಿಪೇರಿಯವನು ಮನೆಗೆ ಬಂದು ಪ್ಲಗ್ಗು ಹಾಕಿ ತೆಗೆದರೆ 300 ಕೇಳುತ್ತಾನೆ. ಟಿವಿ ಹೃದಯಕ್ಕಿಂತ ಜಟಿಲವಾದ ಯಂತ್ರವೆಂದು ಸರ್ಕಾರ ಬಹಳ ಹಿಂದೆಯೇ ಕಂಡುಕೊಂಡಿತ್ತು. ತುರ್ತು ನಿಗಾ ಘಟಕಕ್ಕೆ ದಿನಕ್ಕೆ 862 ರೂಪಾಯಿ, ಕೋಣೆ ಬಾಡಿಗೆ ಬೇರೆ. 860 ಅಲ್ಲ, 865 ಅಲ್ಲ. ಆ ಎರಡು ರೂಪಾಯಿಯನ್ನು ನಾನು ಬಹಳ ದಿನ ಧ್ಯಾನಿಸಿದ್ದೇನೆ. ವೆಂಟಿಲೇಟರಿನ ಯಾವ ಗುಂಡಿಗೆ ಆ ಎರಡು ರೂಪಾಯಿ? ಯಾವ ಸಮಿತಿ, ಎಷ್ಟು ಸಲ ಕಾಫಿ ಕುಡಿದು, ಆ ಎರಡನ್ನು ಉಳಿಸಿಕೊಂಡಿತು? ಕೊನೆಗೆ 2023ರಲ್ಲಿ ತಪಾಸಣೆಗೆ 350 ಎಂದೂ ನಿಗಾ ಘಟಕಕ್ಕೆ ಕೋಣೆ ಸೇರಿ 5,400 ಎಂದೂ ಆಯಿತು. ಉಳಿದ ಶಸ್ತ್ರಚಿಕಿತ್ಸೆಗಳ ದರ ಒಟ್ಟಾಗಿ ಬದಲಾದದ್ದು 2025ರ ಅಕ್ಟೋಬರ್ 13ರಿಂದ, ಹನ್ನೊಂದು ವರ್ಷದ ಮೇಲೆ. ಅಷ್ಟರಲ್ಲಿ ಮನೆಬಾಡಿಗೆ, ಬೇಳೆ, ನರ್ಸಿನ ಸಂಬಳ ಎಲ್ಲ ಏರಿದವು. ಏರದೆ ನಿಂತದ್ದು ಹರ್ನಿಯಾ ಒಂದೇ.

ಇಂಥ ದರಕ್ಕೆ ಆಸ್ಪತ್ರೆಗಳು ಸಹಿ ಹಾಕಿದವೇ ಎಂದು ನೀವು ಕೇಳಬಹುದು. ಹಾಕಿದವು, ಸಂತೋಷದಿಂದ. ಸಹಿ ಹಾಕುವುದು ಬೇರೆ, ಹಾಸಿಗೆ ಕೊಡುವುದು ಬೇರೆ ಎಂಬ ವಿವೇಕ ಅವರಿಗಿದೆ. ಒಂದು ಆಸ್ಪತ್ರೆಗೆ ನಾನು ಫೋನು ಮಾಡಿದ್ದೆ.

‘ಬೆಡ್ ಇದೆ ಸರ್, ಬನ್ನಿ. ಕ್ಯಾಶಾ, ಇನ್ಶೂರೆನ್ಸಾ?’

‘ಸಿಜಿಎಚ್‌ಎಸ್ ಅಮ್ಮ.’

‘ಒಂದ್ನಿಮಿಷ ಲೈನಲ್ಲಿರಿ ಸರ್.’ ಸ್ವಲ್ಪ ಹೊತ್ತು ಕೊಳಲು. ‘ಬೆಡ್ ಯಾವುದೂ ಖಾಲಿ ಇಲ್ಲ ಸರ್.’

ಆ ಒಂದು ನಿಮಿಷದಲ್ಲಿ ಯಾರೋ ಬಂದು ಮಲಗಿಬಿಟ್ಟರು. ಪಾಪ, ಎಷ್ಟು ಕಷ್ಟದಲ್ಲಿದ್ದರೋ.

ಹೀಗೆ ರೋಗಿಯನ್ನು ತಿರುಗಿಸಿ ಕಳಿಸುವುದಕ್ಕೆ ಒಡಂಬಡಿಕೆಯಲ್ಲಿ ಅವಕಾಶವಿಲ್ಲ. ತಪ್ಪಿದರೆ ಶಿಕ್ಷೆ ಇದೆ, ಕಠಿಣವಾದದ್ದು: ಆಸ್ಪತ್ರೆಯ ಹೆಸರನ್ನು ಪಟ್ಟಿಯಿಂದ ತೆಗೆಯುವುದು. ನಮ್ಮ ರೋಗಿಗಳನ್ನು ಸೇರಿಸಿಕೊಳ್ಳಲಿಲ್ಲವೋ, ಇನ್ನು ಮೇಲೆ ನಿಮ್ಮಲ್ಲಿಗೆ ನಮ್ಮ ರೋಗಿಗಳನ್ನು ಕಳಿಸುವುದೇ ಇಲ್ಲ! ಹಾಗಲಕಾಯಿ ತಿನ್ನಲೊಲ್ಲದ ಮಗುವಿಗೆ ನಮ್ಮಜ್ಜಿಯೂ ಇದೇ ಶಿಕ್ಷೆ ಕೊಡುತ್ತಿದ್ದಳು. ಆಸ್ಪತ್ರೆಯವರಿಗೂ ಅವರದೇ ಒಂದು ಗೋಳಿದೆ, ಸರ್ಕಾರದಿಂದ ಬಿಲ್ಲಿನ ಹಣ ತಿಂಗಳುಗಟ್ಟಲೆ ಬರುವುದಿಲ್ಲ ಎಂದು. ಇಬ್ಬರೂ ಒಬ್ಬರನ್ನೊಬ್ಬರು ಕಾಯಿಸುತ್ತ ಸಂಸಾರ ಸಾಗಿಸಿದ್ದಾರೆ. ಇದನ್ನು ಅನುರೂಪ ದಾಂಪತ್ಯ ಎನ್ನದೆ ಇನ್ನೇನೆನ್ನಲಿ.

ಇನ್ನು ಪ್ಯಾಕೇಜು. ಸೇರಿದಂದಿನಿಂದ ಬಿಡುಗಡೆಯವರೆಗೆ ಎಲ್ಲ ಸೇರಿ ಒಂದು ಮೊತ್ತ, ಅದಕ್ಕೆ ಇಂತಿಷ್ಟು ದಿನ. ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ 12 ದಿನ, ಉಳಿದ ದೊಡ್ಡ ಶಸ್ತ್ರಚಿಕಿತ್ಸೆಗೆ 7, ಲ್ಯಾಪ್ರೊಸ್ಕೋಪಿಗೂ ಸಹಜ ಹೆರಿಗೆಗೂ 3, ಚಿಕ್ಕಪುಟ್ಟದ್ದಕ್ಕೆ 1. ನಮ್ಮ ಹಿರಿಯರು ಸೂತಕಕ್ಕೆ ಹತ್ತು, ಬಾಣಂತನಕ್ಕೆ ನಲವತ್ತು ಎಂದು ಲೆಕ್ಕ ಹಾಕಿಟ್ಟಿದ್ದರಲ್ಲ, ಆ ಪರಂಪರೆಯ ಮುಂದುವರಿಕೆ ಇದು. ದೇಹಕ್ಕೆ ಗಡುವು ಕೊಡದಿದ್ದರೆ ಅದು ವಾಸಿಯಾಗುವುದನ್ನೇ ಮುಂದಕ್ಕೆ ಹಾಕುತ್ತ ಹೋಗುತ್ತದೆ. ಮೂವತ್ನಾಲ್ಕು ವರ್ಷ ಕಡತ ನೋಡಿದ ನನಗೆ ಇದು ಚೆನ್ನಾಗಿ ಗೊತ್ತು.

ನಮ್ಮ ಮನೆಯವಳ ದೇಹ ಮಾತ್ರ ಸುತ್ತೋಲೆ ಓದಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಪಿತ್ತಕೋಶದಲ್ಲಿ ಕಲ್ಲಾಗಿ, ಇನ್ನೊಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿ, ಲ್ಯಾಪ್ರೊಸ್ಕೋಪಿ ಸಾಂಗವಾಗಿ ನಡೆಯಿತು. ಮೂರನೆಯ ದಿನ ಸಂಜೆ ಮೈ ಕಾದು ಕೆಂಡ. ನಾನು ಕೆಳಗಿಳಿದು ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಬಹಳ ಮರ್ಯಾದೆಯವಳು.

‘ಅಂಕಲ್, ಲ್ಯಾಪ್ ಪ್ಯಾಕೇಜ್ ಮೂರು ದಿನ. ನಾಳೆ ಬೆಳಿಗ್ಗೆ ಡಿಸ್ಚಾರ್ಜ್.’

‘ಜ್ವರ ನೂರಾ ಒಂದಿದೆಯಲ್ಲಮ್ಮ?’

‘ಅದು ಫ್ಲೋರಲ್ಲಿ ಕೇಳಿ ಅಂಕಲ್, ನಾನು ಬಿಲ್ಲಿಂಗು.’

ನಿಯಮದಲ್ಲಿ ದಾರಿ ಇಲ್ಲವೆಂದಲ್ಲ. ಸಕಾರಣವಿದ್ದರೆ ಹೆಚ್ಚುವರಿ ದಿನಗಳಿಗೂ ಆಸ್ಪತ್ರೆ ಹಣ ಕೇಳಬಹುದು. ಆದರೆ ಶಸ್ತ್ರಚಿಕಿತ್ಸೆಯಿಂದಲೇ ಸೋಂಕು ತಗುಲಿ ದಿನ ಹೆಚ್ಚಾಗಿದ್ದರೆ ಒಂದು ಕಾಸೂ ಇಲ್ಲ. ಈ ಒಂದು ವಾಕ್ಯದ ಮಹಿಮೆಯಿಂದ ಸೋಂಕುಗಳು ಎಷ್ಟು ಕಡಿಮೆಯಾಗಿವೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ‘ಇನ್ಫೆಕ್ಷನ್ ಏನಾದರೂ ಆಗಿರಬಹುದೇ ಡಾಕ್ಟ್ರೇ?’ ಎಂದದ್ದಕ್ಕೆ ಆ ಯುವಕ ಡಾಕ್ಟರು, ಯಾರದೋ ಮನೆಯ ಮಾನದ ಮಾತು ಬಂದಂತೆ, ‘ಛೆ ಛೆ, ಹಾಗೆಲ್ಲ ಅನ್ನಬೇಡಿ’ ಎಂದು ಕೇಸ್ ಶೀಟಿನಲ್ಲಿ ವೈರಲ್ ಎಂದು ಬರೆದರು. ಕೊಟ್ಟದ್ದು ಮಾತ್ರ ಆಂಟಿಬಯಾಟಿಕ್. ನಾಲ್ಕನೆಯ ದಿನ ಜ್ವರ ಇಳಿಯಿತು. ಐದನೆಯ ದಿನ ಹೊರಡುವಾಗ ‘ಇತರೆ’ ಎಂಬ ಬಾಬ್ತಿಗೆ 4,200 ರೂಪಾಯಿ ಕಟ್ಟಿಸಿಕೊಂಡು ರಸೀದಿ ಕೊಟ್ಟರು. ಪಿಂಚಣಿದಾರರಿಂದ ಹಾಗೆ ಕೇಳಬಾರದೆಂದು ಒಡಂಬಡಿಕೆಯಲ್ಲಿ ಬರೆದಿದೆಯಂತೆ. ಬರೆದಿರಬಹುದು, ನಾನು ಜಗಲಿಯ ಮೇಲಿರಲಿಲ್ಲವಲ್ಲ.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಪ್ರಶ್ನೆ ಸಹಜ. ವಿಮೆ ಮಾಡಿಸಿದವರಿಗೆ ವಿಮಾ ನಿಯಂತ್ರಣ ಪ್ರಾಧಿಕಾರವಿದೆ. 2024ರ ಮೇ ತಿಂಗಳಲ್ಲಿ ಅದು ಕಂಪನಿಗಳ ಕೊರಳಿಗೆ ಗಡಿಯಾರ ಕಟ್ಟಿತು: ನಗದುರಹಿತ ಚಿಕಿತ್ಸೆಗೆ ಒಂದು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು, ಬಿಡುಗಡೆಗೆ ಮೂರು ಗಂಟೆಯೊಳಗೆ, ತಡವಾದರೆ ಹೆಚ್ಚಿದ ಆಸ್ಪತ್ರೆ ಖರ್ಚು ಕಂಪನಿಯ ಷೇರುದಾರರ ಗಂಟಿನಿಂದ. ಎಂಥ ಅವಸರದ ಬದುಕು! ನಮ್ಮದು ವಿಮೆಯೇ ಅಲ್ಲವಾದ್ದರಿಂದ ಆ ಗಡಿಯಾರದ ಕಾಟ ನಮಗಿಲ್ಲ. ಹಣ ಕೊಡುವುದು ಸರ್ಕಾರ, ದರ ಗೊತ್ತು ಮಾಡುವುದು ಸರ್ಕಾರ, ಒಡಂಬಡಿಕೆ ಬರೆಯುವುದು ಸರ್ಕಾರ, ಅದು ಮುರಿದರೆ ವಿಚಾರಣೆ ಮಾಡುವುದೂ ಸರ್ಕಾರ. ಬೀಗರೇ ಪುರೋಹಿತರು, ಅಡುಗೆಭಟ್ಟರೂ ಅವರೇ. ಊಟದಲ್ಲಿ ಉಪ್ಪು ಕಡಿಮೆ ಎಂದು ಯಾರ ಹತ್ತಿರ ಹೇಳುವುದೆಂಬ ಗೊಂದಲಕ್ಕೆ ಎಡೆಯೇ ಇಲ್ಲ.

ಪಕ್ಕದ ಕೇರಳದವರು 2022ರ ಜುಲೈನಲ್ಲಿ ತಮ್ಮ ನೌಕರರನ್ನು ಒಂದು ವಿಮಾ ಕಂಪನಿಗೆ ಒಪ್ಪಿಸಿ ತಿಂಗಳಿಗೆ 500 ರೂಪಾಯಿ ಹಿಡಿಯಲು ಶುರುಮಾಡಿದರು. ಕರ್ನಾಟಕ ಅಂಥ ಚಾಪಲ್ಯಕ್ಕೆ ಹೋಗಲಿಲ್ಲ. ರಾಜ್ಯ ಸರ್ಕಾರಿ ನೌಕರನಾದ ನನ್ನ ಭಾವಮೈದುನನಿಗೆ ಬಹಳ ಕಾಲ ಇದ್ದದ್ದು 1963ರ ವೈದ್ಯಕೀಯ ಹಾಜರಾತಿ ನಿಯಮಗಳು: ಮೊದಲು ಕಟ್ಟು, ಆಮೇಲೆ ಬಿಲ್ಲು ಕೊಡು. ಬಳಿಕ ಜ್ಯೋತಿ ಸಂಜೀವಿನಿ ಬಂತು, ಏಳು ಬಗೆಯ ದೊಡ್ಡ ಕಾಯಿಲೆಗಳಿಗೆ. ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ, ಸುಟ್ಟಗಾಯ, ಅಪಘಾತ, ಎಳೆಮಕ್ಕಳ ಶಸ್ತ್ರಚಿಕಿತ್ಸೆ. ಅವನಿಗೆ ಬಂದದ್ದು ಮಂಡಿನೋವು. ಅದು ಅವನ ಅಶಿಸ್ತು. ಎಲ್ಲ ಕಾಯಿಲೆಗೂ ಆಗುವ ಕರ್ನಾಟಕ ಆರೋಗ್ಯ ಸಂಜೀವಿನಿಗೆ 2022ರಲ್ಲಿ ಆದೇಶವಾಗಿ, 2025ರ ಅಕ್ಟೋಬರ್ 1ಕ್ಕೆ ಜಾರಿಗೆ ಬಂತು. ಆನೆಯೇ ಎರಡು ವರ್ಷದೊಳಗೆ ಹೆರುತ್ತದೆ. ಇದು ಅದಕ್ಕಿಂತ ದೊಡ್ಡ ಪ್ರಾಣಿ. ‘ಸಿ’ ವೃಂದದ ಅವನಿಗೆ ತಿಂಗಳಿಗೆ 350 ಕಟಾವು, ‘ಎ’ ವೃಂದದವರಿಗೆ 1,000. ಬೇಡವೆನ್ನುವವರು ಬರಹದಲ್ಲಿ ಬೇಡವೆನ್ನಬಹುದಿತ್ತು. ಗಮನಿಸಿ, ಒಪ್ಪಂದದ ಇಡೀ ಇತಿಹಾಸದಲ್ಲಿ ರೋಗಿಯ ಸಹಿ ಕೇಳಿದ್ದು ಇದೊಂದು ಸಲ, ಅದೂ ಒಲ್ಲೆನೆನ್ನಲು.

ಖಾಸಗಿ ಆಸ್ಪತ್ರೆಗಳನ್ನು ಹದ್ದುಬಸ್ತಿನಲ್ಲಿಡುವ ಕಾಯಿದೆಯೂ ರಾಜ್ಯದಲ್ಲಿದೆ, 2007ರದ್ದು. 2017ರಲ್ಲಿ ಅದಕ್ಕೆ ಹಲ್ಲು ಕೂರಿಸಲು ಹೊರಟಾಗ ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಮಸೂದೆ ಮೆತ್ತಗಾಗಿ ಅಂಗೀಕಾರವಾಯಿತು. ಹಲ್ಲು ಕೀಳುವುದರಲ್ಲಿ ವೈದ್ಯರನ್ನು ಮೀರಿಸಿದವರುಂಟೇ.

ಇಂಥ ಸುಖಸಂಸಾರದಲ್ಲಿ ಆಗಾಗ ಕೈ ಹಾಕುವುದು ನ್ಯಾಯಾಲಯ ಮಾತ್ರ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿ ಹೃದಯಕ್ಕೆ ಯಂತ್ರ ಅಳವಡಿಸಿಕೊಂಡ ನಿವೃತ್ತ ಅಧಿಕಾರಿ ಶಿವಕಾಂತ ಝಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ನೋಡಬೇಕಾದದ್ದು ಚಿಕಿತ್ಸೆ ನಿಜವಾಗಿ ನಡೆಯಿತೇ ಎಂಬುದನ್ನು. ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಹಣ ನಿರಾಕರಿಸಬಾರದು ಎಂದಿತು. ಪಿಂಚಣಿದಾರರ ಬಿಲ್ಲುಗಳು ಒಂದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದೂ ಹೇಳಿತು. ನ್ಯಾಯಮೂರ್ತಿಗಳು ದೊಡ್ಡವರು; ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ನಡೆದುಹೋಗಲು ಎಷ್ಟು ದಿನ ಬೇಕೆಂಬುದು ಅವರಿಗೆ ಹೇಗೆ ತಿಳಿಯಬೇಕು.

ನಾನೂ ಆ 4,200ಕ್ಕೆ ಅರ್ಜಿ ಹಾಕಿದೆ. ಮೊದಲ ಸಲ ಮೂಲ ರಸೀದಿ ಲಗತ್ತಿಸಿ ಎಂದು ವಾಪಸು ಬಂತು. ಆ ಪತ್ರದ ಜತೆ ಪಿನ್ನು ಹೊಡೆದು ಕಳಿಸಿದ್ದು ಮೂಲ ರಸೀದಿಯನ್ನೇ. ಎರಡನೆಯ ಸಲ, ‘ಇತರೆ’ ಎಂದರೆ ಏನೆಂದು ಆಸ್ಪತ್ರೆಯಿಂದ ವಿವರಣೆ ತರಬೇಕೆಂದರು. ಹೋದೆ. ವಾರ್ಡಿನಲ್ಲಿ ಕೇಳಿದರೆ ಬಿಲ್ಲಿಂಗಿಗೆ ಹೋಗಿ ಎಂದರು. ಬಿಲ್ಲಿಂಗಿನಲ್ಲಿ ಅದೇ ಹುಡುಗಿ ಇದ್ದಳು, ಗುರುತು ಹಿಡಿದು ‘ಆಂಟಿ ಹೇಗಿದ್ದಾರೆ ಅಂಕಲ್?’ ಎಂದು ಕೇಳಿ, ಅದನ್ನು ಫ್ಲೋರಲ್ಲೇ ಕೇಳಬೇಕು ಎಂದಳು.

ಆಂಟಿ ಚೆನ್ನಾಗಿದ್ದಾರೆ. 4,200 ಇನ್ನೂ ಬಂದಿಲ್ಲ.