ಗುಂಡ್ಲುಪೇಟೆಗೆ ಬಂದ ಮೇಷ್ಟ್ರು

ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಚಾಮರಾಜನಗರ ಜಿಲ್ಲೆಗೆ ನೌಕರಿಗೆ ಬರುವ ಮೇಷ್ಟ್ರುಗಳದೇ ಒಂದು ಪಂಗಡ. ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದರೇನಂತೆ, ಭಾಷೆ ಕನ್ನಡವೇ ತಾನೆ ಎಂಬ ಧೈರ್ಯ ಇವರಿಗಿರುತ್ತದೆ. ಅದು ಬಸ್‌ಸ್ಟ್ಯಾಂಡ್ ದಾಟುವವರೆಗೆ ಬಾಳುತ್ತದೆ. 1997ರಲ್ಲಿ ಮೈಸೂರಿನಿಂದ ಬೇರೆಯಾದ ಈ ಜಿಲ್ಲೆಯ ಬಗ್ಗೆ ಇವರ ಊರಿನವರು ಕೇಳಿರುವುದು ಒಂದೇ: ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆಂಬ ಮಾತು. ಮೇಷ್ಟ್ರ ಕುರ್ಚಿಗೆ ಆ ಶಾಪ ತಟ್ಟದು. ಅದಕ್ಕೆ ಮೊದಲೇ ಒಂದು ಕೈ ಇರುವುದಿಲ್ಲ.

ಮೊದಲ ಪೆಟ್ಟು ಏಕವಚನದ್ದು. ಒಂದನೇ ಕ್ಲಾಸಿನ ಹುಡುಗನಿಗೂ ‘ಬರ್ರಿ’ ಎನ್ನುವ ಸೀಮೆಯವರಿಗೆ ಇಲ್ಲಿ ಪೋಷಕರೊಬ್ಬರು, “ಎಲ್ಗೋಗಿದ್ದೆ ಸಾ? ನೆನ್ನನೂ ಬಂದಿದ್ನಲ್ಲ, ನೀ ಇರ್ನಿಲ್ಲ ಕನ” ಎಂದು ವಿಚಾರಿಸುತ್ತಾರೆ. ಮೇಷ್ಟ್ರು ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಾರೆ. ಈ ಜನ ಏಳು ಮಲೆಯ ಮಾದಪ್ಪನನ್ನೂ ನೀನು ಎಂದೇ ಕರೆಯುವುದು ಕಿವಿಗೆ ಬಿದ್ದ ಮೇಲೆ ಸಿಟ್ಟು ಇಳಿಯುತ್ತದೆ.

ಮುದ್ದೆಯನ್ನು ಅಗಿದು ನಗೆಪಾಟಲಾಗುವುದು ಎಲ್ಲರಿಗೂ ಆಗುವಂಥದು, ಬಿಡಿ. ಅದಕ್ಕಿಂತ ಗಂಭೀರವಾದದ್ದು ರೊಟ್ಟಿ. ಗುಂಡ್ಲುಪೇಟೆಯ ಹೋಟೆಲುಗಳಲ್ಲಿ ಕೇರಳದ ಪರೋಟ ಸಿಗುತ್ತದೆ, ಉಪ್ಸಾರು ಸಿಗುತ್ತದೆ. ಜೋಳದ ರೊಟ್ಟಿ ಕೇಳಿದರೆ ಮಾಣಿ ಮಾಲೀಕರ ಮುಖ ನೋಡುತ್ತಾನೆ. ಆದ್ದರಿಂದ ಮೇಷ್ಟ್ರು ರಜೆಯಿಂದ ಮರಳುವಾಗ ಚೀಲ ತುಂಬ ಜೋಳದ ಹಿಟ್ಟು ತಂದು, ಬಾಡಿಗೆಗೆ ಹಿಡಿದ ಮಹಡಿಯ ಅಡುಗೆಕಟ್ಟೆಯ ಮೇಲೆ ಬೆಳಗಿನ ಐದಕ್ಕೇ ರೊಟ್ಟಿ ಬಡಿಯತೊಡಗುತ್ತಾರೆ. ಬ್ರಹ್ಮಚಾರಿಯ ಬಡಿತಕ್ಕೆ ಲಯವಿಲ್ಲ. ಎರಡು ಪಟಪಟ, ಒಂದು ಮೌನ (ರೊಟ್ಟಿ ಹರಿದಿದೆ), ಒಂದು ಗೊಣಗು, ಮತ್ತೆ ಪಟಪಟ. ಕೆಳಗೆ ಮಲಗಿರುವ ಮನೆ ಮಾಲೀಕರಿಗೆ ಆ ಮೌನದಲ್ಲಿ ನಿದ್ದೆ ಹತ್ತುವಷ್ಟರಲ್ಲಿ ಮುಂದಿನ ಉಂಡೆ ಬೀಳುತ್ತದೆ. ಹೀಗೆ ನಿದ್ದೆಗೆಟ್ಟ ಮಾಲೀಕರೊಬ್ಬರು (ಹೆಸರು ಇಲ್ಲಿ ಅನಗತ್ಯ) ದೂರು ಹೇಳಲು ಮಹಡಿ ಹತ್ತಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿಪುಡಿಯೊಂದಿಗೆ ಎರಡು ರೊಟ್ಟಿ ತಿಂದು ಇಳಿದರು. ದೂರು ಇನ್ನೂ ಬಾಕಿಯಿದೆ.

ಬಯಲುಸೀಮೆಯ ಮೇಷ್ಟ್ರಿಗೆ ಕಾಡೂ ಹೊಸತು. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಂದ್. ಆನೆಗಾಗಿ ಹೆದ್ದಾರಿ ಮುಚ್ಚುತ್ತಾರೆಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ನೋಡಿ ನಂಬಲು ಬೇಸಿಗೆಯಲ್ಲಿ ಒಂದು ಕ್ರೂಸರ್ ತುಂಬ ನೆಂಟರು ಬರುತ್ತಾರೆ. ಗೋಪಾಲಸ್ವಾಮಿ ಬೆಟ್ಟ, ಊಟಿ ಮುಗಿಸಿ ಅವರು ಹೊರಡುವ ಹೊತ್ತಿಗೆ ಮಾಲೀಕರ ನೀರಿನ ಟ್ಯಾಂಕು ಖಾಲಿ.

ಆ ಮಹಡಿಯ ಮೇಷ್ಟ್ರಿಗೆ ಮದುವೆಯಾಯಿತು, ಬಡಿತಕ್ಕೆ ಲಯ ಬಂತು. ಆಷಾಢ ಹತ್ತಿರವಾಗುತ್ತಲೇ ಪದ್ಧತಿಯಂತೆ ಹೆಂಡತಿಯನ್ನು ತವರಿಗೆ ಕಳಿಸಲು ರೈಲಿನ ಟಿಕೆಟ್ಟೂ ಆಯಿತು. ಕೆಳಮನೆಯ ಯಜಮಾನಿ ಬಿಡಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಚಾಮರಾಜನಗರದಲ್ಲಿ ಕಟ್ಟಿಸಿದ ಗುಡಿಯ ಚಾಮರಾಜೇಶ್ವರನಿಗೆ ತೇರು ಆಷಾಢದಲ್ಲೇ. ಬೇರೆಡೆ ಅಗಲಿರಬೇಕಾದ ಹೊಸ ಜೋಡಿಗಳು ಅಲ್ಲಿ ಒಟ್ಟಿಗೆ ನಿಂತು ತೇರಿಗೆ ಹಣ್ಣು–ಜವನ ಎಸೆಯುತ್ತಾರೆ. ಇವರೂ ಎಸೆದರು. ಟಿಕೆಟ್ ರದ್ದಾಯಿತು.

ಕೋರಿಕೆ ವರ್ಗಾವಣೆಗೆ ಪ್ರತಿವರ್ಷ ತಪ್ಪದೆ ಅರ್ಜಿ ಹಾಕುವುದು ಈ ಪಂಗಡದ ಲಕ್ಷಣ. ಮಹಡಿಯ ಮೇಷ್ಟ್ರು ಈ ಸಲ ಕೊನೆಯ ದಿನಾಂಕ ಮರೆತರಂತೆ. ಮಾಲೀಕರು ಪತ್ರಿಕೆಯಲ್ಲಿ ಅದನ್ನು ಓದಿದ್ದರು, ಹೇಳಲು ಹೋಗಲಿಲ್ಲ.